ತಿರ್ಲಾಪುರದ ಬ್ಯಾಂಕಾಕ್ ಹುಲಿ

ಹಾಲು ತರಲು ಹೊರಟ ಸಂಗನಬಸವ ಬಸ್‌ಸ್ಟ್ಯಾಂಡಿನ ಹತ್ತಿರ ತಲೆ ಎತ್ತಿದ. ಎತ್ತಿದ ತಲೆ ಇಳಿಯಲಿಲ್ಲ. ಕೈಯಲ್ಲಿದ್ದ ತಂಬಿಗೆ ಜಾರಿ, ಉರುಳಿ, ಗಟಾರು ಸೇರಿತು.

ಕರೆಂಟಿನ ಕಂಬದಿಂದ ಬೇವಿನ ಮರದವರೆಗೆ ಬಿಗಿದ ಫ್ಲೆಕ್ಸಿನಲ್ಲಿ ಅವನೇ ನಿಂತಿದ್ದ. ಮುಖ ಮಾತ್ರ ಅವನದು. ಕೋಟು, ಟೈ ಹಾಕಿದ ಮೈ ಯಾರದೋ. ಹಿಂದೆ ಸಮುದ್ರ, ತೆಂಗಿನ ಮರ, ಅರ್ಧಂಬರ್ಧ ಬಟ್ಟೆ ತೊಟ್ಟು ಕುಣಿಯುವ ಹೆಂಗಸರು. ಕೆಳಗೆ ಎಮ್ಮೆಯಂಥ ಅಕ್ಷರಗಳು: ‘ಬ್ಯಾಂಕಾಕ್ ಪ್ರವಾಸಕ್ಕೆ ಹೊರಟ ತಿರ್ಲಾಪುರದ ಹುಲಿ ಸಂಗನಬಸವಣ್ಣನಿಗೆ ಹಾರ್ದಿಕ ಶುಭಾಶಯಗಳು. ಶುಭ ಕೋರುವವರು: ಗೆಳೆಯರ ಬಳಗ.’

ಈ ಬಳಗಕ್ಕೆ ಬೇರೆ ಕೆಲಸವಿಲ್ಲ. ಯಾರಾದರೂ ಹುಟ್ಟಿದರೆ ಫ್ಲೆಕ್ಸು, ಸತ್ತರೆ ಫ್ಲೆಕ್ಸು, ಹೊಸ ಬೈಕು ತಂದರೆ ಫ್ಲೆಕ್ಸು. ಬೆಂಕಿ ಬೀಳಲಿ ಇವರ ಪ್ರೀತಿಗೆ!

ಸಂಗನಬಸವ ನವಲಗುಂದದ ಬೀಜ-ಗೊಬ್ಬರದ ಅಂಗಡಿಯಲ್ಲಿ ದುಡಿಯುತ್ತಿದ್ದ. ಹತ್ತಿಯ ಹುಳಕ್ಕೆ ಹೊಡೆಯುವ ಹೊಸ ಔಷಧವನ್ನು ತಾಲೂಕಿನಲ್ಲೇ ಹೆಚ್ಚು ಮಾರಿದ ಅಂಗಡಿಯೆಂದು ಕಂಪನಿಯವರು ಬ್ಯಾಂಕಾಕ್ ಪ್ರವಾಸದ ಒಂದು ಸೀಟು ಕೊಟ್ಟಿದ್ದರು. ಮಾಲೀಕ ಕುಬೇರಪ್ಪನವರಿಗೆ ಹುಬ್ಬಳ್ಳಿಯ ಲಿಫ್ಟಿನಲ್ಲೇ ತಲೆ ತಿರುಗುತ್ತಿತ್ತು. ಇನ್ನು ವಿಮಾನ ಎಲ್ಲಿ ಹತ್ತಿಯಾರು? “ಮಾರಿದಾಂವ ನೀನ, ನೀನ ಹೋಗಿ ಬಾರಪಾ” ಅಂದಿದ್ದರು. ಒಂಬತ್ತನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಹುಟ್ಟಿದಾಗಿನಿಂದ ಸಿಕ್ಕ ಮೊದಲ ಬಹುಮಾನ ಅದು.

ಆದರೆ ಅದಕ್ಕಿಂತ ದೊಡ್ಡ ಮಾತೊಂದಿತ್ತು. ಇವತ್ತೇ ದೇವಿಕೊಪ್ಪದಿಂದ ಹೆಣ್ಣಿನವರು ಮನೆ ನೋಡಲು ಬರುವವರಿದ್ದರು. ಈಗಿನ ಕಾಲಕ್ಕೆ ಹಳ್ಳಿಯ ಹುಡುಗನಿಗೆ ಹೆಣ್ಣು ಸಿಗುವುದೆಂದರೆ ಎರೆಹೊಲದಲ್ಲಿ ಕಲ್ಲು ಸಿಕ್ಕಂತೆ. ಎಷ್ಟೋ ಕಡೆ ‘ಸಾಲಿ ಕಲತಿಲ್ಲ’ ಎಂದು ಚಹಾ ಕುಡಿಸಿ ಕಳಿಸಿದ್ದರು. ದೇವಿಕೊಪ್ಪದ ಅಮೃತಾ ಒಬ್ಬಳೇ ಇವನ ಮುಖ ನೋಡಿ ನಕ್ಕು ಹೂಂ ಅಂದಿದ್ದಳು. ಆ ನಗುವನ್ನು ನೆನೆಸಿಕೊಂಡು ಇವನು ಅಂಗಡಿಯಲ್ಲಿ ಯೂರಿಯಾ ಕೇಳಿದವರಿಗೆ ಬೀಜ ಕೊಟ್ಟು ಕಳಿಸುತ್ತಿದ್ದ. ಅವಳ ತಂದೆಯೋ ಮೂರು ಹೊತ್ತು ಪೂಜೆಯ ಮನುಷ್ಯ. ಈ ಹೆಂಗಸರ ಫ್ಲೆಕ್ಸು ಅವರ ಕಣ್ಣಿಗೆ ಬಿದ್ದರೆ?

“ಲೇ ಸಲೀಮ್ಯಾ! ಇದೇನಲೇ?” ಎಂದು ಎದುರಿನ ಫ್ಲೆಕ್ಸ್ ಅಂಗಡಿಯ ಗೆಳೆಯನ ಕೊರಳಪಟ್ಟಿ ಹಿಡಿದ.

“ಹೆಂಗೈತಿ? ಅಗದಿ ಹೀರೋ ಕಂಡಂಗ ಕಾಣತಿ.”

“ಹಿಂದ ಆ ಹೆಂಗಸೂರ ಯಾರಲೇ?”

“ಮೊಬೈಲಿನ್ಯಾಗ ಬ್ಯಾಂಕಾಕ್ ಅಂತ ಹೊಡದೆ, ಅವರ ಬಂದ್ರು. ನಾ ಏನ್ ಕರದಿದ್ನೇನು?”

“ಇಳಸಲೇ ಅದನ್ನ! ಬೀಗರು ಬರಾಕತ್ತಾರ!”

“ಕಟ್ಟಿದ ದಿನಾನ ಇಳಸಿದ್ರ ಅಪಶಕುನ ದೋಸ್ತ. ಸತ್ತವರದ್ದನ್ನೂ ಮೂರ ದಿನಾ ಬಿಟ್ಟಿರ್ತೀವಿ.”

ಸಂಗನಬಸವ ಹಲ್ಲು ಕಡಿದು, ಕುಡುಗೋಲು ಕಚ್ಚಿಕೊಂಡು ತಾನೇ ಬೇವಿನ ಮರ ಹತ್ತಿದ. ಅಷ್ಟರಲ್ಲಿ ಕೆಳಗೆ ಮಂದಿ ಕೂಡಿತು. ಕೂಡಿದ ಮಂದಿ ಸುಮ್ಮನಿದ್ದೀತೇ? ಹಿಂದೊಮ್ಮೆ ಸೌದಿಯಲ್ಲಿ ಡ್ರೈವರ್ ಆಗಿದ್ದ ಅಬ್ದುಲಮಜೀದ ಕಾಕಾ ಕೈ ಎತ್ತಿ ಉಪದೇಶ ಶುರು ಮಾಡಿದ.

“ತಮ್ಮಾ, ಪಾಸ್‌ಪೋರ್ಟಿನ ಝೆರಾಕ್ಸ್ ಬ್ಯಾರೆ ಚೀಲದಾಗ ಇಟ್ಕೊ. ಸಿಂಗಾಪುರದಾಗ ಚೂಯಿಂಗಮ್ ಅಗದ ಉಗುಳಬ್ಯಾಡ, ದಂಡಾ ಹಾಕತಾರ. ತಾಜಮಹಲಿಗೆ ಶುಕ್ರವಾರ ಹೋಗಬ್ಯಾಡ, ಬಾಗಲಾ ಹಾಕಿರ್ತಾರ.”

“ಕಾಕಾ, ನಾ ಹೊಂಟಿದ್ದು ಬ್ಯಾಂಕಾಕಿಗಿ!”

“ದಾರ್ಯಾಗ ಹತ್ತತಾವಪಾ. ಎಲ್ಲಾ ಒಂದ ಏಷ್ಯಾ.”

ಬಾಜೂ ಮನೆಯ ತಾಯವ್ವ ಸೆರಗು ಬಾಯಿಗೆ ಹಚ್ಚಿದಳು. “ಅಲ್ಲಿ ಚೇಳ ಹುರದ ಮಾರತಾರಂತಲೋ ಯಪ್ಪಾ! ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟತೀನಿ, ಅದನ್ನ ತಿನ್ನು. ಏನರ ಕಟುಂ ಅಂದ್ರ ಉಗುಳಿಬಿಡು.”

ಸಂಗನಬಸವ ಸಿಟ್ಟಿನಿಂದ ಕುಡುಗೋಲು ಬೀಸಿದ. ಹಗ್ಗ ಹರಿಯಿತು. ಅವನು ಹಿಡಿದುಕೊಂಡಿದ್ದೂ ಅದೇ ಹಗ್ಗವನ್ನು. ಫ್ಲೆಕ್ಸಿನ ಸಮೇತ ಕೆಳಗೆ ಬಿದ್ದು, ಹೋಳಿಗೆಯೊಳಗಿನ ಹೂರಣದಂತೆ ಅದರಲ್ಲೇ ಸುತ್ತಿಕೊಂಡ. ಸರಿಯಾಗಿ ಆಗಲೇ ದೇವಿಕೊಪ್ಪದ ಕಾರು ಬಂದು ನಿಂತಿತು.

ಕಾರಿನಿಂದ ಅಮೃತಾಳ ತಂದೆ ಗದಿಗೆಪ್ಪ, ತಾಯಿ ನೀಲವ್ವ ಇಳಿದರು. ಗದಿಗೆಪ್ಪನದೂ ದೇವಿಕೊಪ್ಪದಲ್ಲಿ ಬೀಜ-ಗೊಬ್ಬರದ ಅಂಗಡಿ. ಹಣೆತುಂಬ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಧೋತರ. ಫ್ಲೆಕ್ಸಿನೊಳಗಿಂದ ಸಂಗನಬಸವ ತಲೆ ಹೊರಹಾಕಿ “ಬರ್ರಿ ಮಾವಾರ” ಅಂದ. ಅವನ ಹೊಟ್ಟೆಯ ಮೇಲೆ ಒಬ್ಬ ಹೆಂಗಸು ಇನ್ನೂ ಕುಣಿಯುತ್ತಲೇ ಇದ್ದಳು.

ಗದಿಗೆಪ್ಪನ ಮುಖ ಬ್ಯಾಡಗಿ ಮೆಣಸಿನಕಾಯಿ ಆಯಿತು. “ಬ್ಯಾಂಕಾಕಾ? ಶಿವಶಿವಾ! ಅಂಥಾ ಊರಿಗೆ ಹೋಗಾಂವಗ ಮಗಳನ್ನ ಕೊಡೂದು, ಬಾವಿಗೆ ನೂಕೂದು ಎರಡೂ ಒಂದ. ನನ್ನ ಮಗಳ ಬೇಕೋ, ಬ್ಯಾಂಕಾಕ್ ಬೇಕೋ? ಈಗಿಂದೀಗ ಹೇಳು!”

“ದುಡದ ಗಳಿಸ್ಯಾನ, ಹೋಗಿ ಬರಲಿ ಬಿಡ್ರಿ” ಎಂದಳು ನೀಲವ್ವ ಮೆಲ್ಲಗೆ.

“ನೀ ಸುಮ್ನಿರು. ನಿನಗೇನ ತಿಳೀತೈತಿ ಹೊರಗಿನ ಪರಪಂಚ!”

ಸಂಗನಬಸವನಿಗೆ ವಿಮಾನದ ಕಿಟಕಿಯ ಸೀಟು, ಕೆಳಗೆ ಮೋಡ, ಎಂದೂ ನೋಡದ ಸಮುದ್ರ, ಎಲ್ಲ ಕಣ್ಣ ಮುಂದೆ ಬಂದವು. ಆಮೇಲೆ ಅಮೃತಾಳ ನಗು ಬಂತು. ಮೊಬೈಲು ತೆಗೆದು, ಊರೆಲ್ಲ ಕೇಳುವ ಹಾಗೆ ಕಂಪನಿಯ ಆಫೀಸರನಿಗೆ ಹೇಳಿಯೇಬಿಟ್ಟ. “ಸರ್, ನಾ ನವಲಗುಂದದ ಸಂಗನಬಸವ. ನನ್ನ ಹೆಸರ ತಗದಬಿಡ್ರಿ. ನಾ ಬರೂದಿಲ್ಲ.”

“ಇದಪಾ ಸಂಸ್ಕಾರ!” ಎಂದು ಗದಿಗೆಪ್ಪ ಅವನ ಬೆನ್ನು ತಟ್ಟಿದ.

ಎಲ್ಲರೂ ಮನೆಗೆ ಬಂದರು. ಸಂಗನಬಸವನ ಅವ್ವ ರೇವವ್ವ ಉಪ್ಪಿಟ್ಟು, ಚಹಾ ತಂದಳು. ಮನೆ ಮನಸ್ಸಿಗೆ ಬಂತು, ನಿಶ್ಚಯದ ದಿನದ ಮಾತೂ ಶುರುವಾಯಿತು. ಕರೆಯದೆ ಬಂದು ಕೂತಿದ್ದ ಮಜೀದ ಕಾಕಾನಿಗೆ ಮಾತ್ರ ಹೊಟ್ಟೆಯಲ್ಲಿ ಉಳಿದ ಉಪದೇಶ ಕಚ್ಚುತ್ತಿತ್ತು.

“ಹೋಗಿದ್ರ ಆರಾಮ ಇರತಿತ್ತು ತಮ್ಮಾ. ಅಲ್ಲಿ ಧಗಿ ಭಾಳ. ಚಡ್ಡಿ ಮ್ಯಾಲೆ ಅಡ್ಡಾಡಬಹುದು, ಗುಡಿಗೂ ಚಡ್ಡಿ ಮ್ಯಾಲೆನ ಹೋಗಬಹುದು.”

“ಯಾವಾಂವ ಹೇಳಿದಾಂವ?” ಎಂದ ಗದಿಗೆಪ್ಪ ಉಪ್ಪಿಟ್ಟು ಬಾಯಲ್ಲಿ ಇಟ್ಟುಕೊಂಡೇ. “ಆ ಅರಮನಿ ಗುಡಿಯಾಗ ಮೊಣಕಾಲ, ಹೆಗಲಾ ಮುಚ್ಚಿರದಿದ್ರ ಒಳಗ ಬಿಡಂಗಿಲ್ಲ. ಹೊರಗ ಆಟೋದಾಂವ ಬಂದು, ಇವತ್ತ ಗುಡಿ ಬಂದ್ ಐತಿ, ಬ್ಯಾರೆ ಕಡೆ ತೋರಿಸ್ತೀನಿ ಅಂತಾನ. ನಂಬಿದ್ರಿ, ಕೆಟ್ರಿ! ಸೀದಾ ಹರಳಿನ ಅಂಗಡಿಗಿ ಒಯ್ತಾನ. ಮುಂಜಾನೆ ಬಾಗಲಾ ತಗಿಯೂದಕ್ಕ ಹೋಗಬೇಕು, ಬಿಸಲೂ ಇಲ್ಲ, ಮಂದೀನೂ ಇಲ್ಲ. ಚಡ್ಡಿ ಹಾಕ್ಕೊಂಡ ಹೋಗಿ ಸಿಕ್ಕೊಂಡ್ರ, ಎದುರಿಗೆನ ಆನಿ ಚಿತ್ರದ ದೊಗಳೆ ಪ್ಯಾಂಟ ಮಾರತಾರ, ಏರಿಸಿಕೊಂಡ ಒಳಗ…”

ಚಮಚ ಬಾಯಿಯ ಹತ್ತಿರವೇ ನಿಂತಿತು.

ನೀಲವ್ವ ಚಹಾದ ಬಸಿಯನ್ನು ನಿಧಾನ ಕೆಳಗಿಟ್ಟಳು. “ಆನಿ ಚಿತ್ರದ ಪ್ಯಾಂಟು?”

“ಮೊಬೈಲಿನ್ಯಾಗ ನೋಡಿದ್ದೆ…”

“ನೀವ ಮಲಗೂ ಮುಂದ ಹಾಕ್ಕೊಂತೀರಲ್ಲಾ, ಅದು? ಹ್ವಾದ ವರ್ಷ ಕಾಶಿಗೆ ಹೋದಾಗ ವಿಶ್ವನಾಥನ ಗುಡಿ ಮುಂದ ತಂದೀನಿ ಅಂದಿದ್ರಿ! ನಾ ಅದನ್ನ ತೊಳದ ನೀರ ಬಿಲ್ವಪತ್ರಿ ಗಿಡಕ್ಕ ಹಾಕೀನಿ!”

ಗದಿಗೆಪ್ಪ ಬಾಯಿ ತೆರೆಯುವುದಕ್ಕೂ ಅವನ ಮೊಬೈಲು ಬಡಿದುಕೊಳ್ಳುವುದಕ್ಕೂ ಸರಿಹೋಯಿತು. ಬಂದ್ ಮಾಡಲು ಹೋದ ಬೆರಳು ತಪ್ಪಿ ಕರೆ ಎತ್ತಿತು. ಅಂಗಡಿ ನಡೆಸುವವನ ಮೊಬೈಲು, ಕಂಪನಿಯ ಆಫೀಸರನ ಧ್ವನಿ ಓಣಿಗೆಲ್ಲ ಕೇಳುತ್ತಿತ್ತು.

“ಗದಿಗೆಪ್ಪನವರ, ನಿಮ್ಮ ನಸೀಬ ಅಗದಿ ಚಲೋ! ಸೀಟ ಖಾಲಿ ಆದ್ರ ಹೇಳ್ರಿ ಅಂತ ದಿನಾ ಕಾಡತಿದ್ರಲ್ಲಾ? ನವಲಗುಂದದ ಹುಡುಗ ಒಬ್ಬ ಈಗಷ್ಟ ಬಿಟ್ಟ, ನಿಮ್ಮ ಹೆಸರ ಹಾಕೀನಿ. ಈ ಸಲನೂ ಮನ್ಯಾಗ ಕಾಶಿ ಅಂತನ ಹೇಳತೀರೇನ್ರಿ?”

ಗದಿಗೆಪ್ಪ ಮೊಬೈಲು ಅಲ್ಲೇ ಬಿಟ್ಟು ಚಪ್ಪಲಿಯಿಲ್ಲದೆ ಕಾರಿನ ಕಡೆ ನಡೆದ.

“ಅತ್ತೀ, ನೋಡ್ರಿ!” ಸಂಗನಬಸವ ನೀಲವ್ವನ ಕಡೆ ತಿರುಗಿದ. “ಅವರು ನನ್ನ ಸೀಟ ಕಿತ್ಕೊಂಡ್ರು. ನಾ ನಿಮ್ಮ ಮಗಳ ಸಲುವಾಗಿ ಬಿಟ್ಟೀನಿ. ಇನ್ನರ ಸಂಬಂಧ ಪಕ್ಕಾ ಮಾಡ್ರಿ.”

ನೀಲವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ತಮ್ಮಾ, ದುಡದ ಗಳಿಸಿದ್ದನ್ನ ಒಬ್ಬರು ಕೆಂಗಣ್ಣ ಬಿಟ್ಟಕೂಡಲೇ ಬಿಟ್ಟಿ. ನಾಳೆ ಇನ್ಯಾರೋ ಕಣ್ಣ ಬಿಟ್ರ ನನ್ನ ಮಗಳನ್ನ ಬಿಡಂಗಿಲ್ಲ ಅಂತ ಏನ ಗ್ಯಾರಂಟಿ? ಸುಳ್ಳ ಹೇಳಾಂವ ಒಬ್ಬನ್ನ ಕಟ್ಕೊಂಡ ನಾ ಸಾಯಾಕತ್ತೀನಿ, ಪುಕ್ಕಲನ್ನ ಕಟ್ಕೊಂಡ ಆಕಿ ಸಾಯೂದ ಬ್ಯಾಡ.”

ಮೊಬೈಲಿನಲ್ಲಿ ಆಫೀಸರ ಇನ್ನೂ ಹಲೋ ಹಲೋ ಅನ್ನುತ್ತಿದ್ದ. ಮುಳುಗುವವನು ಹುಲ್ಲು ಹಿಡಿದಂತೆ ಸಂಗನಬಸವ ಅದಕ್ಕೆ ಕೈ ಚಾಚಿದ. ಹೆಣ್ಣಂತೂ ಹೋಯಿತು, ಸೀಟಾದರೂ ಉಳಿಯಲಿ. ಅವನಿಗಿಂತ ಮೊದಲು ನೀಲವ್ವ ಎತ್ತಿಕೊಂಡಳು.

“ಸಾಹೇಬ್ರ, ನಾ ಅವರ ಮನಿಯವರು. ಪಾಸ್‌ಪೋರ್ಟ್ ನಂದೂ ಐತ್ರಿ. ಕಾಶಿಗೆ ಬೇಕಾಗತೈತಿ ಅಂತ ಇವ್ರ ಮಾಡಿಸ್ಕೊಂಡ್ರಲ್ಲಾ, ಹಟಾ ಹಿಡದ ನಾನೂ ಮಾಡಿಸಿದ್ದೆ. ಆ ಸೀಟಿಗೆ ನನ್ನ ಹೆಸರ ಬರಕೊಳ್ರಿ. ನನಗೂ ಆ ಕಾಶಿ ನೋಡೂದೈತಿ.”