ಚಹಾ ಬಟ್ಟಲಿನ ಮಟ್ಟ ಮತ್ತು ಹಳೆಯ ಚಹಾಮನೆಯ ತೆರವು ಕುರಿತು

ಪುರಾತನ ಕಟ್ಟಡಗಳ ಸಂರಕ್ಷಣೆ ಹಾಗೂ ತೆರವು ಇಲಾಖೆ
ತೂತ್‌ಕೆಂಟ್ ನಗರ

ಸಂಖ್ಯೆ: ಪುಕಸಂತೆ/ಚಹಾ/ಮಟ್ಟ/07
ದಿನಾಂಕ: ಏಪ್ರಿಲ್ 12

ಸುತ್ತೋಲೆ

ವಿಷಯ: ಕರ್ತವ್ಯನಿರತ ಅಧಿಕಾರಿಗಳ ಬಟ್ಟಲಿಗೆ ಸುರಿಯಬಹುದಾದ ಚಹಾದ ಮಟ್ಟವನ್ನು ನಿಗದಿಪಡಿಸುವ ಬಗ್ಗೆ.

ಉಲ್ಲೇಖ:
(ಅ) ಕೊಳದ ದಂಡೆಯ ಚಹಾಮನೆಯ ತೆರವು ಆದೇಶ.
(ಆ) ಪರಂಪರಾ ಭವನದ ಉದ್ಘಾಟನೆಯ ದಿನ ನಗರದ ಮುಖ್ಯಸ್ಥರಾದ ಹೋಕಿಮರು ಎದ್ದುಹೋದದ್ದು.
(ಇ) ಚಹಾಮನೆಯ ಸಬೋಹತ್ ಖೋಲಾ ಅವರ ಮೌಖಿಕ ಹೇಳಿಕೆಗಳು. (ಲಿಖಿತವಾಗಿ ಕೊಡಲು ಕೋರಲಾಗಿ, ಕೈ ಒದ್ದೆಯಿದೆ ಎಂದು ತಿಳಿಸಿರುತ್ತಾರೆ.)

ಪ್ರಸ್ತಾವನೆ:

ಕೊಳದ ದಂಡೆಯ ಹಿಪ್ಪುನೇರಳೆ ಮರದಡಿಯ ಚಹಾಮನೆಯು ಕೆತ್ತನೆಯ ಕಂಬಗಳುಳ್ಳ ಪುರಾತನ ಕಟ್ಟಡವಾಗಿದ್ದು, ಅದರ ಸೋರುವ ಸೂರನ್ನು ದುರಸ್ತಿ ಮಾಡಲು ಅನುದಾನ ಮಂಜೂರಾಗಿತ್ತು. ಸಂರಕ್ಷಣೆ ಮಾಡಬೇಕಾದರೆ ಸಂರಕ್ಷಿಸುವವರು ಕೂರಲು ಮೊದಲು ಒಂದು ಜಾಗ ಬೇಕೆಂಬುದನ್ನು ಮನಗಂಡು, ಸದರಿ ಅನುದಾನದಲ್ಲಿ ಕೊಳದ ಎದುರು ದಂಡೆಯಲ್ಲಿ ಗಾಜಿನ ಪರಂಪರಾ ಭವನವನ್ನು ನಿರ್ಮಿಸಲಾಯಿತು. ಭವನದ ನಡುಮನೆಯಲ್ಲಿ ಚಹಾಮನೆಯ ಸುಣ್ಣದ ಮಾದರಿಯೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡಲಾಗಿದ್ದು, ಅದರ ಸೂರು ಸೋರುವುದಿಲ್ಲ. ಹೀಗೆ ಊರಿಗೆ ಸುಸ್ಥಿತಿಯ ಚಹಾಮನೆಯೊಂದು ದೊರೆತಿರುವುದರಿಂದ ಮೂಲ ಚಹಾಮನೆಯು ಹೆಚ್ಚುವರಿ ಎಂದು ತೀರ್ಮಾನಿಸಿ, ಅದನ್ನು ಕೆಡವಿ ಭವನಕ್ಕೆ ಬರುವವರ ಕಾರು ನಿಲ್ಲಿಸಲು ಜಾಗ ಮಾಡುವಂತೆ ಉಲ್ಲೇಖ (ಅ)ರಲ್ಲಿ ಆದೇಶಿಸಲಾಗಿತ್ತು.

ನೋಟಿಸು ಜಾರಿ ಮಾಡಲು ಉಪನಿರ್ದೇಶಕರಾದ ಕೆಳಸಹಿದಾರರು ಖುದ್ದಾಗಿ ತೆರಳಿದರು. ಚಹಾಮನೆ ನಡೆಸುವ, ಊರಿಗೆಲ್ಲ ಖೋಲಾ, ಅಂದರೆ ಚಿಕ್ಕಮ್ಮನಾದ ಸಬೋಹತ್ ಖೋಲಾ ಅವರು ನೋಟಿಸಿನ ಕಡೆ ನೋಡದೆ ಬಟ್ಟಲಿನ ತುಂಬ ಚಹಾ ಸುರಿದು ಮುಂದಿಟ್ಟರು. ಬಂದವರು ಕೂತಿರಲಿ ಎಂಬ ಪ್ರೀತಿಯಿದ್ದರೆ ತಳ ಮುಚ್ಚುವಷ್ಟೇ ಸುರಿದು ಮತ್ತೆ ಮತ್ತೆ ಹಾಕುವುದು, ಎದ್ದು ಹೋದರೆ ಸಾಕು ಎಂದಿದ್ದರೆ ಕಂಠಮಟ್ಟ ತುಂಬುವುದು ಇಲ್ಲಿನ ಮಕ್ಕಳಿಗೂ ಗೊತ್ತಿರುವ ಸಂಗತಿಯಾದ್ದರಿಂದ ಅದನ್ನು ಈ ಸುತ್ತೋಲೆಯಲ್ಲಿ ವಿವರಿಸಲಾಗಿಲ್ಲ. ಖೋಲಾ ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ಕುಡಿ ಮಗಾ. ನಿಮ್ಮಪ್ಪ ಈ ಕಂಬಕ್ಕೆ ಒರಗಿ ಕೂತ್ಕೊಂಡೇ ನಿಮ್ಮಮ್ಮನ್ನ ಹೆಣ್ಣು ಕೇಳೋಕೆ ಹೋಗೋ ಧೈರ್ಯ ತಂದ್ಕೊಂಡಿದ್ದು. ಅವನಿಗೆ ಅವತ್ತು ಒಂದೊಂದೇ ಗುಟುಕು ಹಾಕ್ತಾ ಸಂಜೆ ಮಾಡಿದ್ದೆ. ನಿನಗೆ ಪೂರ್ತಿ ಹಾಕಿದೀನಿ. ಚೆಲ್ಲದ ಹಾಗೆ ಕುಡಿದು ಹೊರಡು."

ಕೆಳಸಹಿದಾರರು ನೋಟಿಸನ್ನು ಓದದೆ ಮಡಚಿ ಜೇಬಿಗಿಟ್ಟು ಹೊರಟರು. ಬಿಸಿ ಚಹಾಕ್ಕೆ ನಾಲಗೆ ಸುಟ್ಟದ್ದೇ ಕಾರಣವೆಂದು ಕಡತದಲ್ಲಿ ನಮೂದಿಸಲಾಗಿದೆ, ಅದು ನಿಜವಲ್ಲ.

ತದನಂತರ ಭವನದ ಉದ್ಘಾಟನೆ ನಡೆಯಿತು, ಅಥವಾ ನಡೆಯಲಿಲ್ಲ. ಅತಿಥಿಗಳಿಗೆ ಭವನದ ಬಾಗಿಲ ಮುಂದೆ ಚಹಾ ಸುರಿಯಲು ಯಂತ್ರವೊಂದನ್ನು ಖರೀದಿಸಲಾಗಿತ್ತು. ಬಟ್ಟಲಿನ ತಳ ಮುಚ್ಚುವಷ್ಟೇ ಸುರಿದರೆ ಅಳತೆಯಲ್ಲಿ ಮೋಸವೆಂದು ಲೆಕ್ಕ ತಪಾಸಣೆಯವರು ಆಕ್ಷೇಪಿಸಿಯಾರು ಎಂಬ ಮುನ್ನೆಚ್ಚರಿಕೆಯಿಂದ ಇಂಜಿನಿಯರ್ ಫರ್ಮೋನ್ ಅವರು ಯಂತ್ರವನ್ನು ಪೂರ್ಣ ಅಳತೆಗೆ ಹೊಂದಿಸಿದ್ದರು. ಹೋಕಿಮರ ಮುಂದೆ ಯಂತ್ರವು ಬಟ್ಟಲನ್ನು ತುಂಬಿಸಿತು. ಹೋಕಿಮರು ಬಟ್ಟಲು ನೋಡಿದರು, ಫರ್ಮೋನ್ ಅವರನ್ನು ನೋಡಿದರು, ಎದ್ದರು. ಉಳಿದವರು ಸೇವಾ ಹಿರಿತನದ ಪ್ರಕಾರ ಎದ್ದರು. ರಿಬ್ಬನ್ ಹಾಗೇ ಉಳಿಯಿತು, ಪಲೋವ್ ಕಡಾಯಿಯಲ್ಲೇ ತಣ್ಣಗಾಯಿತು. ರಿಬ್ಬನ್ ಕತ್ತರಿಸದ ಕಟ್ಟಡದೊಳಗೆ ಸಿಬ್ಬಂದಿ ಕಾಲಿಡುವಂತಿಲ್ಲವಾಗಿ, ಇಲಾಖೆಯು ಅಂದಿನಿಂದ ತಾನು ಕೆಡವಬೇಕಾದ ಚಹಾಮನೆಯಲ್ಲಿ ಗಿರಾಕಿಗಳು ಕೂರುವ ಮಂಚಗಳ ಮೇಲೆಯೇ ಕಾರ್ಯನಿರ್ವಹಿಸುತ್ತಿದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರ ಗಮನಕ್ಕೆ ಈ ಕೆಳಗಿನ ಸೂಚನೆಗಳನ್ನು ತರಲಾಗಿದೆ:

1. ಕರ್ತವ್ಯನಿರತ ಅಧಿಕಾರಿಯ ಬಟ್ಟಲಲ್ಲಿ ಚಹಾವು ಮೂರನೇ ಒಂದು ಭಾಗವನ್ನು ಮೀರತಕ್ಕದ್ದಲ್ಲ. ಮೀರಿದಲ್ಲಿ, ಮುಖ ಸಪ್ಪಗೆ ಮಾಡಿಕೊಳ್ಳುವ ಮುನ್ನ ಅಳತೆಪಟ್ಟಿಯಿಂದ ಪರಿಶೀಲಿಸತಕ್ಕದ್ದು.

2. ಅಳೆಯುವ ಮೊದಲೇ ಗುಟುಕರಿಸಿದ ಅಧಿಕಾರಿಯು ತದನಂತರ ತನಗೆ ಅವಮಾನವಾಯಿತೆಂದು ದೂರುವಂತಿಲ್ಲ.

3. ಸೂರಿನಿಂದ ಮಳೆಹನಿ ಬಿದ್ದು ಬಟ್ಟಲು ತುಂಬಿದ ಪಕ್ಷದಲ್ಲಿ, ಅದನ್ನು ಖೋಲಾ ಅವರ ಅಭಿಪ್ರಾಯವೆಂದು ಭಾವಿಸತಕ್ಕದ್ದಲ್ಲ. ಹನಿ ಯಾವುದು, ಅಭಿಪ್ರಾಯ ಯಾವುದು ಎಂಬ ಸಂದೇಹ ಬಂದಲ್ಲಿ ಖೋಲಾ ಅವರ ಮುಖ ನೋಡುವುದು.

4. ಯಂತ್ರಕ್ಕೆ ಮರ್ಯಾದೆ ಕಲಿಸುವ ಸಲುವಾಗಿ ಅದನ್ನು ಒಂದು ವಾರ ಖೋಲಾ ಅವರ ಬಳಿ ತರಬೇತಿಗೆ ನಿಯೋಜಿಸಲಾಗಿತ್ತು. ತರಬೇತಿ ವರದಿ ಇಂತಿದೆ: "ಇದಕ್ಕೆ ಕಣ್ಣಿಲ್ಲ. ಬಂದೋರು ಯಾರು, ಏನು ಸಂಕಟ ಇಟ್ಕೊಂಡು ಬಂದಿದಾರೆ ಅಂತ ನೋಡದೆ ಸುರಿಯೋದು ನಲ್ಲಿ ಕೆಲಸ." ಯಂತ್ರವನ್ನು ಅನುತ್ತೀರ್ಣವೆಂದು ಘೋಷಿಸಿ, ಅದರ ಮೇಲೆ ನಾನ್ ರೊಟ್ಟಿಗಳನ್ನು ಬೆಚ್ಚಗಿಡಲು ಅನುಮತಿಸಲಾಗಿದೆ.

5. ಖೋಲಾ ಅವರೇ ಚಹಾ ಸುರಿದರೆ ಮಾತ್ರ ಮತ್ತೆ ಬರುವುದಾಗಿ ಹೋಕಿಮರ ಕಚೇರಿಯಿಂದ ತಿಳಿಸಲಾಗಿದೆ. ಭವನಕ್ಕೆ ಬಂದು ಸುರಿಯುವಂತೆ ಕೆಳಸಹಿದಾರರು ಕೈಮುಗಿದು ಕೋರಲಾಗಿ, ದೊರೆತ ಉತ್ತರ: "ನನ್ನ ಸೂರು ಕೆಡವೋರ ಮನೇಲಿ ನಾನ್ಯಾಕೆ ಸುರೀಲಿ? ಹೋಕಿಮರಿಗೆ ಚಹಾ ಬೇಕಿದ್ರೆ ಇಲ್ಲಿಗೇ ಬರ್ಲಿ. ಸೋರತ್ತೆ ಅಂತ ಮೊದಲೇ ಹೇಳಿರು."

6. ಸದರಿ ಉತ್ತರವನ್ನು ಕೂಲಂಕಷವಾಗಿ ಪರಿಶೀಲಿಸಿ, ಭವನದ ರಿಬ್ಬನ್ನನ್ನು ಕೊಳದ ಮೇಲಿಂದ ಚಹಾಮನೆಯವರೆಗೆ ಉದ್ದ ಮಾಡಲು ತೀರ್ಮಾನಿಸಲಾಗಿದೆ. ಹೋಕಿಮರು ಮಂಚದ ಮೇಲೆ ಕೂತಲ್ಲಿಂದಲೇ ಕತ್ತರಿಸುವರು. ಕೊಳದ ಬಾತುಕೋಳಿಗಳು ಅದಕ್ಕೂ ಮುನ್ನ ಕತ್ತರಿಸಿದಲ್ಲಿ ಉದ್ಘಾಟನೆ ಸಿಂಧುವಾಗುವುದಿಲ್ಲ.

7. ಹೋಕಿಮರ ಬಟ್ಟಲಿಗೆ ಹನಿ ಬಿದ್ದು ಮತ್ತೊಮ್ಮೆ ತುಂಬಿಹೋಗುವ ಅಪಾಯವನ್ನು ತಪ್ಪಿಸಲು ಸೂರನ್ನು ತಕ್ಷಣ ದುರಸ್ತಿ ಮಾಡತಕ್ಕದ್ದು. ವೆಚ್ಚವನ್ನು ಕಾರು ನಿಲ್ದಾಣದ ಬಾಬಿನಿಂದ ಭರಿಸತಕ್ಕದ್ದು. ನೆರೆಹೊರೆಯವರು ಎಂದಿನಂತೆ ಒಟ್ಟು ಸೇರಿ ಹುಲ್ಲು ಬೆರೆಸಿದ ಮಣ್ಣು ಮೆತ್ತಲು ಬರುವುದಾಗಿ ಹೇಳಿದ್ದು, ಸಿಬ್ಬಂದಿಯೂ ಪ್ಯಾಂಟು ಮಡಚಿ ಹಾಜರಾಗತಕ್ಕದ್ದು. ಭವನದ ಗಾಜಿನ ಹೊರಗಿನಿಂದಲೇ ಸುಣ್ಣದ ಮಾದರಿಯನ್ನು ನೋಡಿಕೊಂಡು ಮೆತ್ತಬಹುದು. ಇಷ್ಟು ಹಣ ಹಾಕಿ ಮಾಡಿಸಿದ್ದಕ್ಕೆ ಅದರಿಂದ ಅಷ್ಟಾದರೂ ಪ್ರಯೋಜನವಾಗಲಿ.

8. ಕಾರು ನಿಲ್ದಾಣದ ಬಾಬು ಖಾಲಿಯಾಗುವುದರಿಂದ ಕಾರು ನಿಲ್ದಾಣ ಇರುವುದಿಲ್ಲ. ಕಾರು ನಿಲ್ದಾಣ ಇಲ್ಲವಾದ್ದರಿಂದ ಉಲ್ಲೇಖ (ಅ)ರ ತೆರವು ಆದೇಶಕ್ಕೆ ಕಾರಣವೂ ಇರುವುದಿಲ್ಲ. ಅದನ್ನು ಈ ಮೂಲಕ ರದ್ದುಪಡಿಸಲಾಗಿದೆ. ಇದನ್ನು ಬರೆಯುವಾಗ ಕೆಳಸಹಿದಾರರಿಗೆ ಬಹಳ ಸಂತೋಷವಾಯಿತು.

9. ಈ ಸುತ್ತೋಲೆಗೆ ಸಹಿ ಮಾಡುವ ವೇಳೆಗೆ ಖೋಲಾ ಅವರು ಕೆಳಸಹಿದಾರರ ಮುಂದೆ ಬಟ್ಟಲೊಂದನ್ನು ಇಟ್ಟಿರುತ್ತಾರೆ. ಕಲಂ 1ರಂತೆ ಅಳತೆಪಟ್ಟಿ ಹಿಡಿದು ನೋಡಲಾಗಿ, ಚಹಾವು ತಳವನ್ನು ಮಾತ್ರ ಮುಚ್ಚಿರುವುದು ದೃಢಪಟ್ಟಿದೆ. ಆದಕಾರಣ ಕೆಳಸಹಿದಾರರು ತಂದೆಯವರ ಕಂಬಕ್ಕೆ ಒರಗಿ ಕೂತಿದ್ದು, ಸಂಜೆಯವರೆಗೆ ಏಳುವುದಿಲ್ಲ.

ಸಹಿ/-
(ಇಸ್ಮತಿಲ್ಲಾ ತೂರಾಯೆವ್)
ಉಪನಿರ್ದೇಶಕರು, ಸಂರಕ್ಷಣೆ
("ಹಾಗೂ ತೆರವು" ಎಂಬುದನ್ನು ಹೊಡೆದುಹಾಕಲಾಗಿದೆ)
ಬಿಡಾರ: ಎಡಗಡೆಯ ಮಂಚ, ಚಹಾಮನೆ

ಪ್ರತಿಗಳು:
1. ಹೋಕಿಮರ ಆಪ್ತ ಕಾರ್ಯದರ್ಶಿಯವರಿಗೆ, ಹಸಿವಿಟ್ಟುಕೊಂಡು ಬರುವ ಕೋರಿಕೆಯೊಂದಿಗೆ.
2. ಲೆಕ್ಕ ತಪಾಸಣೆಯವರಿಗೆ, ಒಂದು ಅಳತೆಪಟ್ಟಿಯೊಂದಿಗೆ.
3. ಇಂಜಿನಿಯರ್ ಫರ್ಮೋನ್ ಅವರಿಗೆ, ಮಣ್ಣು ಕಲೆಸುವ ಗುದ್ದಲಿಯೊಂದಿಗೆ.
4. ಸಬೋಹತ್ ಖೋಲಾ ಅವರಿಗೆ, ಓದಿ ಹೇಳಲಾಗಿದೆ. ಕಲಂ 8ನ್ನು ಇನ್ನೊಂದು ಸಲ ಓದಿಸಿಕೊಂಡಿದ್ದಾರೆ.
5. ಕಾರು ನಿಲ್ದಾಣದ ಗುತ್ತಿಗೆದಾರರಿಗೆ, ಕಂಠಮಟ್ಟ ತುಂಬಿದ ಒಂದು ಬಟ್ಟಲು ಚಹಾದೊಂದಿಗೆ.