ನಮ್ಮ ಮನೆಯಲ್ಲಿ ಟಿವಿ ಇಲ್ಲ

ಊರಿಂದ ಹೊಸದಾಗಿ ಜರ್ಮನಿಗೆ ಬಂದ ಹುಡುಗಿಯರು ಯಾರಿಂದಲೋ ನನ್ನ ನಂಬರ್ ಇಸ್ಕೊಂಡು ಫೋನ್ ಮಾಡ್ತಾರೆ. ಕರಿಬೇವು ಎಲ್ಲಿ ಸಿಗುತ್ತೆ ಅಂತ ಶುರು ಮಾಡಿ, ಕೊನೆಗೆ ದನಿ ತಗ್ಗಿಸಿ ಕೇಳ್ತಾರೆ, "ಆಂಟೀ, ಈ ಟಿವಿ ಫೀಸು ಕಟ್ಟಲೇಬೇಕಾ?" ಈಗ ಉತ್ತರ ಸುಲಭ. ಮನೆಗೊಂದು ಫೀಸು, ಟಿವಿ ಇರಲಿ ಬಿಡಲಿ, ಕಟ್ಟಮ್ಮ ಸುಮ್ಮನೆ ಅಂತೀನಿ. ಹಾಗಂದು ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಕಿಟಕಿ ಹತ್ತಿರ ಕೂತುಬಿಡ್ತೀನಿ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಾವು ನ್ಯೂರೆಂಬರ್ಗಿಗೆ ಬಂದ ಕಾಲದಲ್ಲಿ ಮನೇಲಿ ಟಿವಿ ಅಥವಾ ರೇಡಿಯೋ ಇದ್ದವರು ಮಾತ್ರ ಕಟ್ಟಬೇಕಿತ್ತು. ಹಾಗಾಗಿ ನಮ್ಮವರ ಯಾರ ಮನೇಲೂ ಟಿವಿ ಇರಲಿಲ್ಲ. ಆ ಇಲ್ಲದ ಟಿವಿಯಿಂದ ನಮಗೆ ಒಂದಾದ ಮೇಲೊಂದು ಫಜೀತಿ. ಎಲ್ಲರಿಗೂ ಇಂಥದ್ದು ಆಗುತ್ತೋ, ಅಥವಾ ನಮ್ಮನೆ ಅಡ್ರೆಸ್ ಹಿಡಿದೇ ಬರುತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ.

೧. ಇಪ್ಪತ್ತು ಹೆಜ್ಜೆ ದೂರ

ಮೈಸೂರಲ್ಲಿ ನಾನು ಹೈಸ್ಕೂಲ್ ಟೀಚರ್. ನಲವತ್ತು ಮಕ್ಕಳ ಗಲಾಟೆಯಲ್ಲಿ ಗಣಿತ ಹೇಳಿ ಅಭ್ಯಾಸ. ಇಲ್ಲಿಗೆ ಬಂದಿದ್ದು ಡಿಪೆಂಡೆಂಟ್ ವೀಸಾದಲ್ಲಿ, ಕೆಲಸ ಮಾಡೋ ಹಾಗಿಲ್ಲ. ಬೆಳಿಗ್ಗೆ ಗಂಡ ಆಫೀಸಿಗೆ ಹೋದರೆ ಸಂಜೆವರೆಗೆ ನನ್ನ ಜೊತೆ ಮಾತಾಡೋದು ಫ್ರಿಜ್ ಒಂದೇ. ಅದೂ ಗುರ್ ಅಂತ ಶುರು ಮಾಡಿ ತಾನೇ ಸುಮ್ಮನಾಗುತ್ತೆ.

ಜನವರಿಯ ಒಂದು ಶನಿವಾರ ನಮ್ಮದೇ ಬಿಲ್ಡಿಂಗಿನ ಮುಂದೆ, ಹಿಮದ ಪಕ್ಕ, ಒಂದು ಟಿವಿ ಕೂತಿತ್ತು. ಬೇಡದ ಸಾಮಾನನ್ನ ಫುಟ್‌ಪಾತ್ ಮೇಲಿಡೋದು, ಬೇಕಾದವರು ಒಯ್ಯೋದು ಇಲ್ಲಿನ ಪದ್ಧತಿ. ಮೇಲೆ ಚೀಟಿ ಅಂಟಿಸಿದ್ದರು, "ಕೆಲಸ ಮಾಡುತ್ತದೆ" ಅಂತ. ನನ್ನ ಗಂಡ ಗಾಡಿ ಒಂದೂ ಇಲ್ಲದ ರಸ್ತೇಲೂ ಹಸಿರು ದೀಪಕ್ಕೆ ಕಾಯೋ ಮನುಷ್ಯ. "ಬೀದೀಲಿ ಬಿದ್ದಿದ್ದನ್ನ ಎತ್ತಿಕೊಂಡು ಹೋದರೆ ನೋಡಿದವರು ಏನಂತಾರೆ?" ಅಂದರು. ಎರಡು ಸಲ ಅದರ ಮುಂದೆ ಹಾದು ಹೋದ್ವಿ. ನಾನು ಬಿಡಲಿಲ್ಲ. ಕೊನೆಗೆ ಮೇಲಿನ ಮನೆಯವನನ್ನ ಕರೆದರು.

ಮೇಲಿನ ಮನೆಯವನು ಬೆಂಗಳೂರಿನವನು, ಇವರ ಆಫೀಸೇ, ಇನ್ನೂ ಮದುವೆಯಾಗಿಲ್ಲ. ಎಲ್ಲರನ್ನೂ ಗುರು ಅಂತಾನೆ, ಅದಕ್ಕೆ ನಾವೂ ಅವನಿಗೆ ಗುರು ಅಂತಲೇ ಹೆಸರಿಟ್ಟಿದ್ವಿ. ಅವನಿಗೆ ಗೊತ್ತಿಲ್ಲದ ವಿಷಯ ಭೂಮಿ ಮೇಲೆ ಇಲ್ಲ. "ಮುಂದಿನ ಬಾಗಿಲಿಂದ ಬೇಡ ಗುರು, ಎಲ್ಲರೂ ನೋಡ್ತಾರೆ" ಅಂದ. ತನ್ನ ಚಕ್ರದ ಕುರ್ಚಿ ತಂದು, ಟಿವಿ ಕೂರಿಸಿ, ಮೇಲೆ ಬೆಡ್‌ಶೀಟ್ ಹೊದಿಸಿದ. ಇಪ್ಪತ್ತು ಹೆಜ್ಜೆ ದೂರದ ಮನೆಗೆ ನಾವು ಮೂವರು ಹಿಮದಲ್ಲಿ ಇಡೀ ಬೀದಿ ಸುತ್ತಿ, ಪೇಷೆಂಟ್ ಕರ್ಕೊಂಡು ಬರೋ ಹಾಗೆ ಹಿಂದಿನ ಬಾಗಿಲಿಗೆ ಬಂದ್ವಿ.

ಹಿಂದಿನ ಬಾಗಿಲಲ್ಲಿ ನೆಲಮಹಡಿಯ ಅಜ್ಜಿ ನಿಂತಿದ್ದರು, ಕೈಯಲ್ಲಿ ರಿಮೋಟ್. "ಇದನ್ನ ಜೊತೆಗೆ ಇಡೋಕೆ ಮರೆತೆ" ಅಂದರು, ಹರಕು ಇಂಗ್ಲಿಷ್‌ನಲ್ಲಿ. "ನೀವು ಎರಡು ಸಲ ನೋಡ್ಕೊಂಡು ಹೋದಿರಿ. ಮೂರನೇ ಸಲ ಎತ್ತದೇ ಇದ್ದಿದ್ರೆ ನಾನೇ ಹೊತ್ತು ತಂದುಕೊಡೋಣ ಅಂತಿದ್ದೆ."

೨. ಹದಿನಾಲ್ಕು ಸಂಸಾರ

ಏಪ್ರಿಲ್‌ನಲ್ಲಿ ಕಾಗದ ಬಂತು, ಟಿವಿ ಫೀಸಿನ ಆಫೀಸಿಂದ. ಬಹಳ ಮರ್ಯಾದೆಯ ಕಾಗದ. ನಿಮ್ಮಲ್ಲಿ ಟಿವಿ ಅಥವಾ ರೇಡಿಯೋ ಇದೆಯೇ, ಇದ್ದರೆ ದಯವಿಟ್ಟು ತಿಳಿಸಿ. ನನ್ನ ಗಂಡ ಅದನ್ನ ಎರಡು ಸಲ ಓದಿ ದೇವರ ಮುಂದೆ ಇಟ್ಟರು.

"ರೀ, ಅಲ್ಲಿಟ್ಟರೆ ದೇವರು ತುಂಬಿ ಕಳಿಸ್ತಾನಾ?" ಅಂದೆ. "ಕಟ್ಟಿಬಿಡೋಣ, ಅತ್ಲಾಗೆ."

"ದುಡ್ಡಿನ ಪ್ರಶ್ನೆ ಅಲ್ಲ ಕಣೆ. ಯಾವಾಗಿಂದ ಇದೆ ಅಂತ ಕೇಳ್ತಾರೆ. ಜನವರಿ ಅನ್ನಬೇಕು. ಬಚ್ಚಿಟ್ಟವರು ಅಂತ ಫೈಲಿಗೆ ಹೋಯ್ತು ಅಂದ್ರೆ ವೀಸಾ ಮುಂದುವರಿಸೋವಾಗ ನಮ್ಮ ಕಥೆ ಏನು?"

ಯುಗಾದಿ ಆದ ಭಾನುವಾರ ಒಬ್ಬರ ಮನೇಲಿ ಹದಿನಾಲ್ಕು ಕನ್ನಡ ಸಂಸಾರ ಸೇರಿದ್ವಿ. ಬೇವುಬೆಲ್ಲ ಬಾಯಿಗೆ ಹಾಕಿಕೊಂಡೇ ಇವರು ವಿಷಯ ಎತ್ತಿದರು. ಕಾಗದ ಎಲ್ಲರಿಗೂ ಬಂದಿತ್ತು. ನಾವು ಬಿಟ್ಟು ಉಳಿದವರೆಲ್ಲ ಇಲ್ಲ ಅಂತಲೇ ಬರೆದಿದ್ದರು, ಸುಳ್ಳು ಮಾತ್ರ ಯಾರೂ ಹೇಳಿರಲಿಲ್ಲ. ಒಬ್ಬರ ಟಿವಿ ಬೀರು ಒಳಗಿತ್ತಂತೆ, ನೋಡೋವಾಗ ಮಾತ್ರ ಬೀರು ಬಾಗಿಲು ತೆಗೀತಾರಂತೆ. ಇನ್ನೊಬ್ಬರು ಗೋಡೆ ಕಡೆ ಮುಖ ಮಾಡಿ ಇಟ್ಟಿದ್ದರು. ಧಾರವಾಡದ ಎಂಜಿನಿಯರ್ ಒಬ್ಬರು, "ನಮಗ ಭಾಷಾನ ತಿಳೀದಿಲ್ಲಂದಮ್ಯಾಲೆ ಅದು ಟಿವಿ ಹ್ಯಾಂಗಾತ್ರೀ? ದೀಪ ಇದ್ದಂಗ" ಅಂದರು. ಆ ಮಾತಿಗೆ ಎಲ್ಲರೂ ತಲೆಯಾಡಿಸಿದರು.

ಕೊನೆಗೆ ಗುರು ತೀರ್ಪು ಕೊಟ್ಟ. "ಸಿಂಪಲ್ ಗುರು. ಮನೆಗೆ ಬಂದರೂ ಒಳಗೆ ಬಿಡಬಾರದು. ಒಳಗೆ ಬರೋಕೆ ಅವರಿಗೆ ಹಕ್ಕಿಲ್ಲ. ಹೊಸ್ತಿಲ ಮೇಲೆ ನಿಲ್ಲಿಸಿ ಜರ್ಮನ್‌ನಲ್ಲಿ ನೈನ್, ಅಂದ್ರೆ ಇಲ್ಲ, ಅನ್ನು, ಬಾಗಿಲು ಹಾಕು. ನಾನು ಕಲ್ಲು, ನನ್ನ ಬಾಯಿಂದ ಬೇರೆ ಮಾತೇ ಬರಲ್ಲ."

ಅಷ್ಟರಲ್ಲಿ ಆ ಮನೆಯಾಕೆ ಒಳಗಿಂದ, "ಕಾರ್ ರೇಸ್ ಶುರುವಾಯ್ತು, ಬರ್ತೀರಾ?" ಅಂದರು. ಹದಿನಾಲ್ಕು ಸಂಸಾರ ತಟ್ಟೆ ಸಮೇತ ಮಲಗೋ ಕೋಣೆಗೆ ನುಗ್ಗಿತು. ಧಾರವಾಡದವರು ಕಣ್ಣು ಕಿರಿದು ಮಾಡಿ ನೋಡಿ ಹೇಳಿದರು, "ಕೆಂಪು ಸ್ವಲ್ಪ ಜಾಸ್ತಿ ಆತಲ್ರೀ. ನಮ್ಮನ್ಯಾಗ ಇಷ್ಟು ಕೆಂಪು ಬರಂಗಿಲ್ಲ."

೩. ಅಂಗಡಿ ಕಿಟಕಿ

ಮಧ್ಯಾಹ್ನಗಳು ನನ್ನವು. ಊಟ ಮುಗಿಸಿ, ಕಂಬಳಿ ಹೊದ್ದು ಸೋಫಾ ಮೇಲೆ ಒರಗಿ, ಸಣ್ಣಗೆ ದನಿ ಇಟ್ಟು ಟಿವಿ ಹಾಕ್ತಿದ್ದೆ. ಹೊರಗೆ ಹಿಮ ಬೀಳೋದು, ಒಳಗೆ ಯಾರೋ ಮಾತಾಡೋದು. ಕೋರ್ಟು ಜಗಳ, ಕರಡಿ ಮರಿ, ಕ್ರೀಮ್ ಹಾಕಿದ ಕೇಕು. ಒಂದು ಮಾತೂ ಅರ್ಥ ಆಗ್ತಿರಲಿಲ್ಲ, ಆದರೆ ಪಕ್ಕದ ಕೋಣೇಲಿ ನೆಂಟರು ಕೂತು ಮಾತಾಡ್ತಿದ್ದಾರೆ ಅನ್ನೋ ಹಾಗೆ ಹಿತವಾಗಿರ್ತಿತ್ತು. ನಿದ್ದೆಗೂ ಎಚ್ಚರಕ್ಕೂ ನಡುವೆ ಎಲ್ಲೋ ತೇಲ್ತಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ಹಾಗೇ ಕಣ್ಣು ಮುಚ್ಚಿದವಳಿಗೆ ಕನಸು. ಹವಾಮಾನ ಹೇಳೋ ಮನುಷ್ಯ ಚಾಮುಂಡಿ ಬೆಟ್ಟದ ಮೆಟ್ಟಿಲ ಮೇಲೆ ಕೋಲು ಹಿಡಿದು ನಿಂತಿದ್ದಾನೆ. ನಂಜನಗೂಡಿನ ಕಡೆ ಹಿಮ, ಮಂಡ್ಯದಲ್ಲಿ ಅಲ್ಲಲ್ಲಿ ಬಿಸಿಲು ಅಂತಿದ್ದಾನೆ. ನಮ್ಮಮ್ಮ ಅವನಿಗೆ, "ಊಟ ಮಾಡ್ಕೊಂಡು ಹೇಳಪ್ಪ" ಅಂತಿದ್ದಾಳೆ. ಎಚ್ಚರ ಆದಾಗ ಆ ಮನುಷ್ಯ ಟಿವಿಯಲ್ಲಿ ನಾಳೆ ದಕ್ಷಿಣದಲ್ಲಿ ತುಂತುರು ಮಳೆ ಅಂತಿದ್ದ. ಜರ್ಮನ್‌ನಲ್ಲೇ ಅಂದ, ನನಗೆ ಅರ್ಥ ಆಗಿತ್ತು. ಒಬ್ಬಳೇ ಕೂತು ಅತ್ತುಬಿಟ್ಟೆ. ಆ ಪೆಟ್ಟಿಗೆ ಇಲ್ಲದಿದ್ದರೆ ಆ ವರ್ಷ ನಾನು ಮೈಸೂರಿಗೆ ವಾಪಸ್ ಹೋಗಿಬಿಡ್ತಿದ್ದೆ. ಇದನ್ನ ಗಂಡನಿಗೂ ಹೇಳಿರಲಿಲ್ಲ.

ಸೆಪ್ಟೆಂಬರಿನಲ್ಲಿ ವೀಸಾ ಮುಂದುವರಿಸೋಕೆ ಇಬ್ಬರೂ ವಿದೇಶಿಯರ ಆಫೀಸಿಗೆ ಹೋದ್ವಿ. ಮೇಜಿನ ಹಿಂದಿದ್ದ ಹೆಂಗಸು ಏನೋ ಕೇಳಿದರು. ಇವರು ತಡವರಿಸಿದರು, ನಾನು ಉತ್ತರ ಹೇಳಿದೆ. ಇನ್ನೊಂದು ಕೇಳಿದರು, ಅದಕ್ಕೂ ಹೇಳಿದೆ. ಆಕೆಗೆ ಖುಷಿಯಾಯ್ತು.

"ಇಷ್ಟು ಚೆನ್ನಾಗಿ ಎಲ್ಲಿ ಕಲಿತಿರಿ?"

"ಟಿವಿ ನೋಡಿ" ಅಂದೆ, ಹೆಮ್ಮೆಯಿಂದ.

ಮೇಜಿನ ಕೆಳಗೆ ನನ್ನ ಗಂಡ ನನ್ನ ಕಾಲು ತುಳಿದರು. "ಅಂಗಡಿ ಟಿವಿ" ಅಂದರು. "ಅಂಗಡಿ ಕಿಟಕೀಲಿ ಇಟ್ಟಿರ್ತಾರಲ್ಲ, ಅದು. ಇವಳು ಹೊರಗೆ ನಿಂತು ನೋಡ್ತಾಳೆ."

"ಚಳಿಗಾಲದಲ್ಲೂ?"

"ದಿನಾ. ಇಡೀ ದಿನ."

ಆಕೆ ಪೆನ್ನು ಕೆಳಗಿಟ್ಟರು. ಇವರನ್ನ ಸ್ವಲ್ಪ ಹೊರಗೆ ಕೂರಿ ಅಂದು, ಬಾಗಿಲು ಹಾಕಿ, ನನ್ನ ಕೈ ಹಿಡಿದುಕೊಂಡು ಮೆತ್ತಗೆ ಕೇಳಿದರು, "ನಿಮ್ಮ ಗಂಡ ನಿಮಗೆ ಮನೆ ಬೀಗದ ಕೈ ಕೊಡ್ತಾರಾ?"

೪. ಆಯುಧ ಪೂಜೆ

ಅವತ್ತು ಟ್ರಾಮಿನಲ್ಲಿ ಬರ್ತಾ ನನ್ನ ಗಂಡ ಕಿಟಕಿ ಕಡೆ ನೋಡ್ಕೊಂಡೇ ಹೇಳಿದರು, "ಆ ಟಿವಿ ಮನೇಲಿರೋದು ಬೇಡ. ವೀಸಾ ಇನ್ನೂ ಕೈಗೆ ಬಂದಿಲ್ಲ. ಆಕೆ ನನ್ನನ್ನ ರಾಕ್ಷಸ ಅಂದುಕೊಂಡಳು. ಎಲ್ಲಿಂದ ತಂದ್ವೋ ಅಲ್ಲೇ ಇಟ್ಟು ಬರೋಣ." ಜಗಳ ಆಡಿದೆ, ಮಾತು ಬಿಟ್ಟೆ, ಅನ್ನ ಮುದ್ದೆ ಮಾಡಿ ಬಡಿಸಿದೆ. ಏನೂ ನಡೀಲಿಲ್ಲ. ಕೊನೆಗೆ, "ಆಯುಧ ಪೂಜೆ ಕಳೀಲಿ. ಒಂದು ಸಲ ಪೂಜೆ ಮಾಡಿ ಕಳಿಸೋಣ" ಅಂದೆ. ಅದಕ್ಕೆ ಒಪ್ಪಿದರು. ಹಬ್ಬ ಆದ ಶನಿವಾರ ಅಂತ ದಿನ ಗೊತ್ತಾಯ್ತು.

ಹಬ್ಬದ ಹಿಂದಿನ ದಿನ ಸೇವಂತಿಗೆ ತರೋಕೆ ಹೋದೆ. ಇಲ್ಲಿ ಸೇವಂತಿಗೆಯನ್ನ ಸಮಾಧಿಗೆ ಇಡ್ತಾರೆ ಅಂತ ನನಗೇನು ಗೊತ್ತು. ಅಂಗಡಿಯಾಕೆ ಮುಖ ಸಪ್ಪಗೆ ಮಾಡಿ, "ಯಾರು ಹೋಗಿಬಿಟ್ಟರು?" ಅಂದಳು. "ಇನ್ನೂ ಹೋಗಿಲ್ಲ, ಶನಿವಾರ ಹೋಗುತ್ತೆ" ಅಂದೆ. ಪಾಪ, ಹೂವಿಗೆ ದುಡ್ಡೇ ತಗೊಳ್ಳಲಿಲ್ಲ.

ನವಮಿ ದಿನ ಇವರು ರಜಾ ಹಾಕಿದ್ದರು. ಲ್ಯಾಪ್‌ಟಾಪ್, ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಈಳಿಗೆಮಣೆ ಎಲ್ಲ ಒರೆಸಿ ಸಾಲಾಗಿ ಇಟ್ಟೆ. ನಡುವೆ ಟಿವಿ. ಅರಿಶಿನ ಕುಂಕುಮ ಹಚ್ಚಿ, ಮಾಲೆ ಹಾಕಿದೆ. ಮಧ್ಯಾಹ್ನದ ಬಿಸಿಲು ಪರದೆ ಮೇಲೆ ಬಿದ್ದಿತ್ತು, ಊದುಬತ್ತಿ ಹೊಗೆ ನಿಧಾನಕ್ಕೆ ಸುತ್ತುತ್ತಿತ್ತು. ಮದುಮಗಳನ್ನ ಕಳಿಸೋ ಮನೆ ಹಾಗೆ ಇತ್ತು ನನ್ನ ಮನಸ್ಸು. ಇವರು ಮಂಗಳಾರತಿ ಎತ್ತಿದ್ದರು, ಆಗ ಬೆಲ್ ಆಯ್ತು.

ಬಾಗಿಲಲ್ಲಿ ಒಬ್ಬರು ವಯಸ್ಸಾದವರು, ರೇನ್‌ಕೋಟು, ಕೈಯಲ್ಲಿ ಚರ್ಮದ ಬ್ಯಾಗು. ಹೀಟರ್ ಮೀಟರ್ ಓದೋಕೆ ಬಂದವರು ಅಂದುಕೊಂಡೆ. ಆರತಿ ಹೊತ್ತಿಗೆ ಬಂದವರನ್ನ ಹೊಸ್ತಿಲ ಹೊರಗೆ ನಿಲ್ಲಿಸೋದು ಹೇಗೆ? "ಬನ್ನಿ, ಬನ್ನಿ, ಒಳಗೆ ಬನ್ನಿ" ಅಂದೆ. ಅವರು ಹಿಂದೆ ತಿರುಗಿ ನೋಡಿದರು, ಬೇರೆ ಯಾರನ್ನೋ ಕರೀತಿದ್ದೀನಿ ಅಂದುಕೊಂಡು. ಆಮೇಲೆ ಶೂ ಬಿಚ್ಚಿ ಬಂದರು. ಇವರು ಆರತಿ ತಟ್ಟೆ ಮುಂದೆ ಹಿಡಿದರು. ನಾನು ಆರತಿ ತಗೊಂಡಿದ್ದು ನೋಡಿ ಅವರೂ ಹಾಗೇ ಕೈ ಚಾಚಿ ಕಣ್ಣಿಗೆ ಒತ್ತಿಕೊಂಡರು. ಇವರು ಹಣೆಗೆ ಕುಂಕುಮ ಇಟ್ಟರು.

ಆಮೇಲೆ ಅವರು ಬ್ಯಾಗಿಂದ ಕಾರ್ಡು ತೆಗೆದರು. ಟಿವಿ ಫೀಸಿನವರು.

"ಕ್ಷಮಿಸಿ, ನಾನು ಕೇಳಲೇಬೇಕು" ಅಂದರು, ಮಾಲೆ ಹಾಕಿಕೊಂಡು ಕೂತಿದ್ದ ಟಿವಿಯನ್ನೇ ನೋಡ್ತಾ. "ಈ ಮನೇಲಿ ಟಿವಿ ಇದೆಯೇ?"

ಏಪ್ರಿಲ್‌ನಿಂದ ನನ್ನ ಗಂಡ ಕನ್ನಡಿ ಮುಂದೆ ನಿಂತು ನೈನ್ ಅನ್ನೋದನ್ನ ಅಭ್ಯಾಸ ಮಾಡಿದ್ದರು. ಬಾಯಿ ತೆರೆದರು. ಕೈಯಲ್ಲಿ ಇನ್ನೂ ಕರ್ಪೂರ ಉರೀತಿತ್ತು.

"ಇದೆ" ಅಂದರು ಇಂಗ್ಲಿಷ್‌ನಲ್ಲಿ. "ಜನವರಿಯಿಂದ ಇದೆ. ಫೀಸು ಕಟ್ಟಿಲ್ಲ. ಇವಳು ದಿನವಿಡೀ ಒಬ್ಬಳೇ ಇರ್ತಾಳೆ. ಇವಳನ್ನ ಮಾತಾಡಿಸೋಕೆ ಈ ಊರಲ್ಲಿ ಬೇರೆ ಯಾರೂ ಇಲ್ಲ. ಅದಕ್ಕೇ ಇಟ್ಟುಕೊಂಡ್ವಿ. ಬರೆದುಕೊಳ್ಳಿ."

ನಾನು ಇವರ ಮುಖ ನೋಡಿದೆ. ಇಷ್ಟು ತಿಂಗಳಲ್ಲಿ ಅದು ಅವರಿಗೆ ಗೊತ್ತಿದೆ ಅಂತ ನನಗೇ ಗೊತ್ತಿರಲಿಲ್ಲ.

ಆ ಮನುಷ್ಯ ಫಾರ್ಮ್ ತೆಗೆದು ಬರೆದುಕೊಂಡರು. ಜನವರಿಯಿಂದ ಲೆಕ್ಕ ಹಾಕಿ ಕಟ್ಟಿದರೆ ಮುಗೀತು, ವೀಸಾಗೂ ಇದಕ್ಕೂ ಸಂಬಂಧ ಇಲ್ಲ ಅಂದರು. ಅಷ್ಟು ಸಣ್ಣ ಮಾತಿಗೆ ನಾವು ಆರು ತಿಂಗಳು ಒದ್ದಾಡಿದ್ದೆವು. "ಯಾರ ಹೆಸರಲ್ಲಿ?" ಅಂದಾಗ ಇವರು, "ಟಿವಿ ಇವಳದು" ಅಂದರು. ಅಲ್ಲಿವರೆಗೆ ಈ ದೇಶದ ಎಲ್ಲ ಕಾಗದದಲ್ಲೂ ನಾನು ಇವರ ಹೆಸರಿನ ಕೆಳಗಿನ ಸಾಲು. ಇದರಲ್ಲಿ ಮಾತ್ರ ನನ್ನ ಹೆಸರೇ ಮೇಲೆ. ಸಹಿ ಹಾಕೋವಾಗ ಅಕ್ಷರ ದೊಡ್ಡದಾಯ್ತು. ಶನಿವಾರದ ಮಾತು ಇವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅವರು ಕಡಲೆಕಾಳು ಉಸಲಿ ತಿಂದು, ಶೂ ಹಾಕಿಕೊಂಡು ಮೆಟ್ಟಿಲು ಹತ್ತಿದರು. ಅವರು ಹೋದ ಮೇಲೆ ಇವರು, "ಲೇ, ಹಣೆ ಮೇಲಿನ ಕುಂಕುಮ ಹಾಗೇ ಇತ್ತಲ್ಲ" ಅಂದರು. ಗುರುಗೆ ಫೋನ್ ಮಾಡಲಾ ಬೇಡವಾ ಅಂತ ಯೋಚನೆ ಮಾಡೋವಷ್ಟರಲ್ಲಿ ಅವನೇ ಚಪ್ಪಲಿ ಬಡೀತಾ ಇಳಿದು ಬಂದ. ಮುಖ ಅರಳಿತ್ತು.

"ಅತ್ತಿಗೆ, ಎಂಥ ಒಳ್ಳೆ ಮನುಷ್ಯರನ್ನ ಕಳಿಸಿದ್ದೀರಿ. ಹಣೆ ಮೇಲೆ ಕುಂಕುಮ ನೋಡಿದ ತಕ್ಷಣ ನಮ್ಮವರೇ ಅನ್ನಿಸಿಬಿಡ್ತು. ಬೇಗ ಎರಡು ಲೋಟ ಪಾಯಸ ಕೊಡಿ."

"ಅವರು ಏನೂ ಹೇಳಲಿಲ್ವಾ?" ಅಂದರು ಇವರು.

"ಏನೋ ಕಾರ್ಡ್ ತೆಗೀತಿದ್ರು ಗುರು. ಪರಿಚಯ ಎಲ್ಲ ಆಮೇಲೆ ಅಂತ ಎಳ್ಕೊಂಡು ಹೋಗಿ ಸೋಫಾ ಮೇಲೆ ಕೂರಿಸಿದೆ. ಒಬ್ಬರೇ ಇದ್ರೆ ಬೇಜಾರಾಗುತ್ತೆ ಅಂತ ಟಿವಿ ಹಾಕಿಕೊಟ್ಟು ಬಂದಿದ್ದೀನಿ."

ನಾನು ಎರಡು ಲೋಟ ತುಂಬಾ ಪಾಯಸ ಹಾಕಿಕೊಟ್ಟೆ. "ನಿಧಾನವಾಗಿ ಹತ್ತಪ್ಪ" ಅಂದೆ. "ಅವರಿಗೂ ಬರೆಯೋದು ಸ್ವಲ್ಪ ಇರುತ್ತೆ."