ಯಲ್ಲಮ್ಮನ ಗಂಟು ಕೊಟ್ಟ ಬಡ್ಡಿ

ನನ್ನ ಮೊಮ್ಮಗಳು ಸುಜಾತಾಳ ಡಿಪ್ಲೊಮಾ ಫೀಸು ಇವತ್ತು ಕಟ್ಟಿಯಾಯಿತು! ಗೌಂಡಿ ಕೆಲಸದವರ ಮನೆಯ ಹುಡುಗಿ ಇನ್ನು ಕಟ್ಟಡದ ನಕ್ಷೆ ಬರೆಯಲು ಕಲಿಯುತ್ತಾಳೆ. ಸುದ್ದಿ ಬಂದ ಗಳಿಗೆಯಿಂದ ದುಡಿಯಲು ಬಂದು ನೆಲೆಸಿದ ಮರಾಠಿ ಸೀಮೆಯ ಖರಾಡಿಯ ನಮ್ಮ ಓಣಿಯಲ್ಲಿ ಸಿಕ್ಕಸಿಕ್ಕವರ ಬಾಯಿಗೆ ಸಕ್ಕರೆ ಹಾಕಿದ್ದೇನೆ. ಸಕ್ಕರೆ ಕಾಯಿಲೆಯ ಕಿರಾಣಿ ಅಂಗಡಿಯವನನ್ನೂ ಬಿಟ್ಟಿಲ್ಲ.

ಮೂರನೆಯ ಇಯತ್ತೆ ಕಲಿತ ನನಗೆ ಉಳಿತಾಯದ ಶಾಸ್ತ್ರ ಯಾರೂ ಹೇಳಿಕೊಟ್ಟವರಿಲ್ಲ. ಮನೆಯಲ್ಲಿಟ್ಟ ದುಡ್ಡಿಗೆ ಕಾಲು ಮೂಡುತ್ತವೆ ಎಂಬುದಷ್ಟೇ ಗೊತ್ತಿತ್ತು. ಜೋಳದ ಡಬ್ಬಿಯಲ್ಲಿಟ್ಟರೆ ಸೊಸೆ ಶರಣಮ್ಮನಿಗೆ ಸಿಗುತ್ತಿತ್ತು, ಹಾಸಿಗೆಯ ಕೆಳಗಿಟ್ಟರೆ ಮಗ ಭೀಮರಾಯನಿಗೆ. ಸುಜಾತಾ ಹುಟ್ಟಿದ ವರ್ಷ ಒಂದು ಉಪಾಯ ಹೂಡಿದೆ. ಅರಿಶಿನದ ಬಟ್ಟೆಯಲ್ಲಿ ಹತ್ತು ರೂಪಾಯಿ ಕಟ್ಟಿ, ದೇವರ ಜಗಲಿಯ ಮೇಲಿಟ್ಟು, ಇದು ಯಲ್ಲಮ್ಮನ ಮುಡುಪು ಎಂದು ಸಾರಿಬಿಟ್ಟೆ. ಹರಕೆಯೂ ಇಲ್ಲ, ಮಣ್ಣೂ ಇಲ್ಲ. ಕೂಸಿನ ಓದಿಗೆಂದು ಇಟ್ಟದ್ದು. ಆದರೆ ದೇವಿಯ ಗಂಟು ಮುಟ್ಟುವ ಧೈರ್ಯ ಯಾರಿಗಿದೆ? ವಾರದ ಪಗಾರ ಬಂದಾಗಲೆಲ್ಲ ಹತ್ತು ಹತ್ತು ಸೇರಿಸುತ್ತ ಬಂದೆ.

ಒಮ್ಮೆ ಬಚತ್ ಗಟ ಎಂಬ ಉಳಿತಾಯ ಸಂಘದ ಬಾಯಿಯೊಬ್ಬಳು ನಮ್ಮ ಹೆಂಗಸರನ್ನು ಕೂರಿಸಿಕೊಂಡು ಮರಾಠಿಯಲ್ಲಿ ಬುದ್ಧಿ ಹೇಳಿದಳು. ಖರ್ಚು ಮಾಡಿ ಉಳಿದದ್ದನ್ನು ಇಡಬೇಡಿ, ಮೊದಲು ತೆಗೆದಿಟ್ಟು ಉಳಿದದ್ದರಲ್ಲಿ ಖರ್ಚು ಮಾಡಿ; ಬ್ಯಾಂಕಿನಲ್ಲಿಟ್ಟರೆ ಬಡ್ಡಿಯೂ ಬರುತ್ತದೆ ಎಂದಳು. ನಮ್ಮ ಯಲ್ಲಮ್ಮ ಬ್ಯಾಂಕಿಗಿಂತ ಜಾಸ್ತಿ ಕೊಡುತ್ತಾಳೆ ಎಂದು ನಾನು ಜಂಬ ಕೊಚ್ಚಿದೆ. ಸುಳ್ಳಲ್ಲ. ದಸರೆಗೊಮ್ಮೆ ಗಂಟು ಬಿಚ್ಚಿ ಎಣಿಸಿದರೆ ನಾನು ಹಾಕಿದ್ದಕ್ಕಿಂತ ಹೆಚ್ಚೇ ಇರುತ್ತಿತ್ತು.

ಇವತ್ತು ಫೀಸಿಗೆ ಕೊನೆಯ ದಿನ. ಭೀಮರಾಯ ಕೇಳಿದ ಕಡೆಯಲ್ಲೆಲ್ಲ ಸಾಲ ಹುಟ್ಟಿರಲಿಲ್ಲ. ಹೊತ್ತು ಏರುತ್ತಿತ್ತು, ಹುಡುಗಿ ಅಳುತ್ತ ಮೂಲೆ ಹಿಡಿದಿದ್ದಳು. ನಾನೆದ್ದು ಗಂಟಿಗೆ ಕೈ ಹಾಕಿದೆ. ಭೀಮರಾಯ ಅಡ್ಡ ನಿಂತ.

"ಯವ್ವಾ, ದೇವಿ ರೊಕ್ಕ ಮುಟ್ಟಬ್ಯಾಡ. ಕೂಸಿನ ಓದಿಗೇ ಕೇಡು."

ಶರಣಮ್ಮನೂ ಕೈ ಮುಗಿದು ಬೇಡ ಎಂದಳು. ಇಷ್ಟು ವರ್ಷ ಊರಿಗೆಲ್ಲ ಹಾಕಿದ ಬೀಗಕ್ಕೆ ಈಗ ನನ್ನ ಹತ್ತಿರವೂ ಚಾವಿ ಇಲ್ಲ.

"ಹರಕಿನೇ ಹೊತ್ತಿಲ್ಲೋ ನಾ," ಎಂದೆ. "ನಿಮ್ಮ ಕೈಯಿಂದ ಉಳೀಲಿ ಅಂತ ಸುಳ್ಳು ಹೇಳೀನಿ."

ಭೀಮರಾಯ ಜಗಲಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಹಂಗಾದ್ರ ನಾ ಹಾಕಿದ್ದ ತಪ್ಪುಕಾಣಿಕಿ?"

ಆಮೇಲೆ ಎಲ್ಲ ಹೊರಬಿತ್ತು. ಕುಡಿದು ಬಂದ ಮರುದಿನ ಬೆಳಿಗ್ಗೆ, ತಪ್ಪಾಯಿತು ತಾಯೀ ಎಂದು ಗಂಟಿನೊಳಗೆ ಐದೋ ಹತ್ತೋ ತುರುಕುತ್ತಿದ್ದನಂತೆ. ನಾನು ಊರೆಲ್ಲ ಹೊಗಳಿದ ಬಡ್ಡಿ ಅದೇ. ನನ್ನ ಪಾಲು ಸುಳ್ಳಾದರೂ ತನ್ನ ಪಾಲು ದೇವಿಗೇ ಸೇರಬೇಕು ಎಂದು ಅವನ ಹಟ. ಶರಣಮ್ಮ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ಕುಡದು ಹಾಳ ಮಾಡಿದ್ದು ಕೂಸಿನ ರೊಕ್ಕ. ಕಾಣಿಕಿನೂ ಕೂಸಿಗೇ ಸಲ್ಲಬೇಕು."

ಭೀಮರಾಯ ಜಗಲಿಯಿಂದ ಪಕ್ಕಕ್ಕೆ ಸರಿದ. ಸುಜಾತಾ ಮೂಗು ಒರೆಸಿಕೊಂಡು, "ಆಯಿ, ನನ್ನ ಫೀಸಿನ್ಯಾಗ ಅಪ್ಪ ಎಷ್ಟು ಸಲ ಕುಡದಾನ?" ಎಂದು ನನ್ನನ್ನು ಕೇಳಿದ್ದೇ ತಡ, ಮೊದಲು ನಕ್ಕವನು ಅವನೇ. ಗಂಟು ಅಂಗಿಯೊಳಗೆ ಇಳಿಸಿ, ಮಗಳ ಕೈ ಹಿಡಿದು ಬಸ್ಸಿಗೆ ಓಡಿದ. ಬರುವಾಗ ರಸೀದಿ ತಂದ.

ಸಂಜೆ ನಾಲ್ವರೂ ಸುತ್ತ ಕೂತು ಹೋಳಿಗೆ ಉಂಡೆವು. ಇನ್ನು ಮುಂದೆ ಒಂದು ಹನಿಯೂ ಮುಟ್ಟುವುದಿಲ್ಲ ಎಂದು ಭೀಮರಾಯ ಮಗಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ. ಶರಣಮ್ಮ ಕಣ್ಣೊರೆಸಿಕೊಂಡು ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದಳು. ನಾನೂ ಭಾಳ ಸಂತೋಷಪಟ್ಟೆ. ಆದರೆ ತುತ್ತು ಬಾಯಲ್ಲಿರುವಾಗಲೇ, ಇವನು ನಿಜವಾಗಿಯೂ ಬಿಟ್ಟುಬಿಟ್ಟರೆ ಎರಡನೆಯ ವರ್ಷದ ಫೀಸಿಗೆ ಏನು ಗತಿ ಎಂದು ಈ ಪಾಪಿ ಮುದುಕಿ ಲೆಕ್ಕ ಹಾಕುತ್ತಿದ್ದಳು.